ಓಗೊಡದ ಮನೆ

ರಾಯದುರ್ಗದಿಂದ ಬಂದ ಮೇಲೆ ಮಾಲಾ ಕರೆದರೆ ಓಗೊಡುವುದನ್ನು ಬಿಟ್ಟಳು. ಮಾತು ಬಿಟ್ಟಿರಲಿಲ್ಲ. ಮುದ್ದೆಗೆ ಇನ್ನೊಂದಿಷ್ಟು ಸಾರು ಬೇಕು ಅನ್ನುತ್ತಿದ್ದಳು, ಚಪ್ಪಲಿ ಕಿತ್ತಿದೆ ಅನ್ನುತ್ತಿದ್ದಳು. ಹೆಸರು ಹಿಡಿದು ಕೂಗಿದರೆ ಮಾತ್ರ ಮುಗಿಯಿತು. ಎರಡೂ ಅಂಗೈ ಒಂದರ ಮೇಲೊಂದಿಟ್ಟು ಬಾಯಿ ಮುಚ್ಚಿಕೊಂಡು ನಿಂತ ಜಾಗದಲ್ಲೇ ನಿಂತುಬಿಡುವಳು. ಕೂಗಿದವರ ಕಡೆ ತಿರುಗುತ್ತಿರಲಿಲ್ಲ. ಬೀದಿಬಾಗಿಲ ಕಡೆ ನೋಡುತ್ತಿದ್ದಳು.

ಎಂಟು ವರ್ಷದ ಹುಡುಗಿ. ಮೊದಲಾದರೆ ಪಾಲಮ್ಮ ಹಿತ್ತಲಿಂದ "ಮಾಲಾ" ಅಂದರೆ ಸಾಕು, ಬೀದಿಯ ಆ ತುದಿಯಿಂದ "ಓ ಅಜ್ಜೀ" ಅಂತ ಎಳೆದು ಕೂಗಿಕೊಂಡು ಓಡಿ ಬರುತ್ತಿದ್ದಳು. ಆ ಓ ಕೇಳದೆ ಪಾಲಮ್ಮನಿಗೆ ಕೈಕೆಲಸವೇ ಸಾಗದು. ಅಕ್ಕಿ ಆರಿಸುತ್ತ ಕೂತವಳು ಸುಮ್ಮನೆ ಒಮ್ಮೆ ಕರೆದು ನೋಡುವಳು. ಒಳಗಿನಿಂದ ಮಗ್ಗದ ಸದ್ದು ಬಿಟ್ಟರೆ ಏನೂ ಇಲ್ಲ.

ಮಗ್ಗದಲ್ಲಿ ಕೂರುತ್ತಿದ್ದವನು ಗಂಡ ದಾಸಣ್ಣ. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮನೆಗೊಂದು ಮಗ್ಗ. ಹುಡುಗನಾಗಿದ್ದಾಗಲೇ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವನು ಲಾಳಿಯ ಸದ್ದಿಗೇ ಕಿವಿ ಕಳೆದುಕೊಂಡಿದ್ದ. ಹತ್ತಿರ ಹೋಗಿ ಭುಜ ತಟ್ಟಿ ತುಟಿ ತೋರಿಸಿದರೆ ಮಾತು ತಿಳಿಯುತ್ತಿತ್ತು, ಅಷ್ಟೇ.

"ನಿನ್ನಂಗೇ ಆಗ್ಯಾಳೆ ನಿನ್ ಮೊಮ್ಮಗಳು" ಅಂದಳು ಪಾಲಮ್ಮ, ಅವನ ಮುಖದ ಮುಂದೆ ಬಾಗಿ.

"ಒಳ್ಳೇದೇ ಆತು ಬಿಡು. ನೀನು ಕೂಗಿದ್ದೆಲ್ಲ ನನಗೆ ಕೇಳ್ಸಿದ್ರೆ ನಾನು ಇಷ್ಟು ದಿನ ಉಳೀತಿದ್ನಾ?" ಅಂದು ದಾಸಣ್ಣ ಲಾಳಿ ಎಳೆದ.

ಶಾಲೆಯ ನಾಗರತ್ನ ಮೇಡಂ ಹೇಳಿ ಕಳಿಸಿದರು: ಹಾಜರಿ ಕರೆದರೆ ಹುಡುಗಿ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ, ಕಿವಿ ತೋರಿಸಿ. ಕಿವಿ ಚೆನ್ನಾಗಿತ್ತು. ಸಿದ್ದಾಪುರದ ಕುರಿ ಕಾಯುವ ಯತ್ತಪ್ಪನ ಹತ್ತಿರ ತಾಯತ ಕಟ್ಟಿಸಿದ್ದಾಯಿತು. ಅವನು ಹುಡುಗಿಯ ಕಣ್ಣು ನೋಡಿ, "ಇವ್ಳು ಯಾರಿಗೋ ಮಾತು ಕೊಟ್ಟೌಳೆ" ಅಂದ. ಯಾರಿಗೆ ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿ ಕುರಿ ಹೊಡಕೊಂಡು ಗುಡ್ಡದ ಕಡೆ ಹೋದ.

ಕೊನೆಗೆ ಮಗ ಬಾಲರಾಜು ಯಾರೋ ಹೇಳಿದರೆಂದು ಚಳ್ಳಕೆರೆಯ ಒಂದು ಕೇಂದ್ರದ ವಿಷಯ ತಂದ. ಮಕ್ಕಳ ಮನಸ್ಸಿನ ಕಾಯಿಲೆ ನೋಡುವ ಜಾಗ, ಒಂದು ಟ್ರಸ್ಟಿನವರದು.

"ಮನಸ್ಸಿನ ಕಾಯಿಲೆ ಅಂದ್ರೆ ಹುಚ್ಚೇನ್ಲೇ?" ಪಾಲಮ್ಮ ಕೇಳಿದಳು.

"ಹುಚ್ಚಲ್ಲವ್ವ. ಮಾತಾಡ್ಸಿ ನೋಡ್ತಾರಂತೆ."

"ಮಾತಾಡ್ಸೋಕೆ ಚಳ್ಳಕೆರೆಗೆ ಹೋಗ್ಬೇಕಾ? ಮನ್ಯಾಗೆ ನಾಲ್ಕು ಬಾಯಿ ಐದಾವೆ."

ಸೊಸೆ ಗೀತಮ್ಮ ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತಿ, "ಹೋಗ್ಬರಾಣ ಅತ್ತೆ" ಅಂದಳು. ಅವಳು ರಾಯದುರ್ಗದ ಕಡೆಯವಳು. ಮನೆಮಾತು ತೆಲುಗು. ಅವಳ ತಾಯಿ ಓಬಮ್ಮ ತೀರಿಕೊಂಡು ಇನ್ನೂ ಬಹಳ ದಿನವಾಗಿರಲಿಲ್ಲ. ಅಲ್ಲಿ ತಾಯಿಯ ಆರೈಕೆಗೆ ಹೋದಾಗಲೇ ಮಾಲಾಳನ್ನೂ ಜೊತೆಗೆ ಒಯ್ದಿದ್ದಳು.

ಕೇಂದ್ರದಲ್ಲಿ ಚಂದ್ರಶೇಖರ್ ಅನ್ನುವವರು ಮಾಲಾಳನ್ನು ಒಬ್ಬಳನ್ನೇ ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ದೊಡ್ಡವರೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಿರಬೇಕು, ಅದು ಅಲ್ಲಿಯ ಕ್ರಮ. ಜವಾನ ಮೂಡಲಗಿರಿಯಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲು ಹಾಕಿಕೊಂಡು ಕೂತಿದ್ದ. ಪಾಲಮ್ಮ ಎದ್ದು ಕಿವಿ ಕೊಡಲು ಹೋದರೆ, "ಕೂತ್ಕಳಮ್ಮ, ಕೂತ್ಕ. ಒಳಗಿನ ಮಾತು ಒಳಗೇ" ಅಂದ.

"ನಿಂಗೇನಾರ ಕೇಳ್ಸುತ್ತಾ?"

"ನಂಗೆ ಸಂಬಳ ಕೊಡೋದೇ ಕೇಳಿಸ್ಕೊಬಾರ್ದು ಅಂತ."

ಬಹಳ ಹೊತ್ತಿನ ಮೇಲೆ ಚಂದ್ರಶೇಖರ್ ಹೊರಗೆ ಬಂದು ಬಾಲರಾಜುವನ್ನು ಒತ್ತಟ್ಟಿಗೆ ಕರೆದರು. ಪಾಲಮ್ಮನೂ ಹಿಂದೆಯೇ ಹೋದಳು. ಅವರು ದನಿ ತಗ್ಗಿಸಿ ಹೇಳಿದರು: "ರಾತ್ರಿ ತಾಯಿ ಬಂದು ಬಾಯಿ ಒತ್ತಿ ಹಿಡೀತಾಳೆ, ಯಾರು ಕರೆದ್ರೂ ಉತ್ತರ ಕೊಡಬೇಡ ಅಂತಾಳೆ ಅಂತ ಮಗು ಹೇಳ್ತಿದೆ. ತುಂಬಾ ಹೆದರಿದೆ. ಸದ್ಯಕ್ಕೆ ತಾಯಿ ಹತ್ರ ಮಲಗಿಸಬೇಡಿ. ಮುಂದಿನ ಸಲವೂ ಇದೇ ಮಾತು ಬಂದ್ರೆ ನಾನು ಮೇಲಕ್ಕೆ ಬರೀಬೇಕಾಗುತ್ತೆ."

ಪಾಲಮ್ಮ ತಿರುಗಿ ಬೆಂಚಿನ ಕಡೆ ನೋಡಿದಳು. ಗೀತಮ್ಮ ಮಗಳ ಸ್ವೆಟರಿನ ಗುಂಡಿ ಹಾಕುತ್ತಿದ್ದಳು.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲೇ ಜಗಳ ಹತ್ತಿತು.

"ಅದೇನು ಮಾಡ್ತಿದ್ದೆ ಹೇಳು ಕೂಸಿಗೆ?" ಬಾಲರಾಜು ಕೇಳಿದ.

"ನಾನಾ? ನಾನೇನು ಮಾಡ್ಲಿ?"

"ಬಾಯಿ ಒತ್ತಿ ಹಿಡೀತೀಯಂತೆ."

ಗೀತಮ್ಮ ನಕ್ಕೇಬಿಟ್ಟಳು. ಆಮೇಲೆ ಗಂಡನ ಮುಖ ನೋಡಿ, ಅತ್ತೆಯ ಮುಖ ನೋಡಿ, ನಗು ನಿಂತಿತು. "ಯಾರು ಹೇಳಿದ್ದು?"

"ಕೂಸೇ ಹೇಳೈತೆ. ಓದಿದೋರ ಮುಂದೆ."

"ಮಾಲಾ ಹಂಗಂದ್ಲಾ?" ಅವಳು ಮಗಳ ಕಡೆ ಎರಡು ಹೆಜ್ಜೆ ಇಟ್ಟಳು. ಪಾಲಮ್ಮ ನಡುವೆ ಬಂದು ಹುಡುಗಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವತ್ತಿಂದ ಇವ್ಳು ನನ್ ಮಗ್ಗಲಾಗೆ ಮಲಗ್ತಾಳೆ. ಉಣ್ಣೋದು, ತಿನ್ನೋದು, ಜಡೆ ಹಾಕೋದು ಎಲ್ಲಾ ನಂದು. ನೀನು ಅಡುಗೆ ಮಾಡು, ಸಾಕು."

"ನಾನು ಹೆತ್ತೋಳು ಅತ್ತೆ."

"ಅದ್ಕೇ ಇನ್ನೂ ಮನ್ಯಾಗೆ ಇಟ್ಕಂಡಿರೋದು."

ಆ ಮಾತು ಆಡಿದ ಮೇಲೆ ಮನೆಯಲ್ಲಿ ತಟ್ಟೆಯ ಸದ್ದು ಬೇರೆಯಾಯಿತು. ಗೀತಮ್ಮ ಬಡಿಸಿ ಒಲೆಯ ಹಿಂದೆ ಸರಿಯುವಳು. ಮಾಲಾ ಅಜ್ಜಿಯ ತೊಡೆಗೆ ತಾಗಿ ಕೂತು ಉಣ್ಣುವಳು. ಚಂದ್ರಶೇಖರ್ ಮುಂದಿನ ಸಲವೂ ಅದನ್ನೇ ಅಂದರೆ ಸೊಸೆಯನ್ನು ರಾಯದುರ್ಗದಲ್ಲಿರುವ ಅವಳ ಅಣ್ಣನ ಮನೆಗೆ ಬಿಟ್ಟು ಬರುವುದು, ಕೂಸು ಇಲ್ಲೇ ಇರುವುದು ಅಂತ ತಾಯಿಮಗ ಮಾತಾಡಿಕೊಂಡರು. ಗೀತಮ್ಮನಿಗೂ ಕೇಳುವಂತೆಯೇ ಮಾತಾಡಿದರು.

ಆದರೆ ಪಾಲಮ್ಮನಿಗೆ ಒಂದು ಕಸಿವಿಸಿ ಉಳಿಯಿತು. ತಾಯಿಯ ಮಗ್ಗುಲು ಬಿಡಿಸಿದರೂ ಹುಡುಗಿಯ ಕೈ ಬಾಯಿಂದ ಇಳಿಯಲಿಲ್ಲ. ಬೆಳಗಾಗೆದ್ದು ನೋಡಿದರೆ ಮೊಮ್ಮಗಳ ತುಟಿಯ ಸುತ್ತ ನಸುಗೆಂಪು, ಬೆರಳಿನ ಗುರುತು. ಮಗುವಿನ ಬೆರಳೇ ಇರಬೇಕು ಅಂತ ಅವಳ ಅಂಗೈಯನ್ನು ಅದರ ಮೇಲಿಟ್ಟು ನೋಡಿದಳು. ಗುರುತು ಅಂಗೈಗಿಂತ ದೊಡ್ಡದಿತ್ತು. ತನ್ನದನ್ನು ಇಟ್ಟು ನೋಡಲು ಹೋಗಿ, ಏಕೋ ಬೇಡವೆನಿಸಿ ಕೈ ಹಿಂದಕ್ಕೆ ತೆಗೆದಳು. ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಮತ್ತೆ ಹೋಗುವ ದಿನ ಬರುವುದಕ್ಕೆ ಮೊದಲೇ ಕೇಂದ್ರದಿಂದ ಫೋನು ಬಂತು. ಇನ್ನು ಮೇಲೆ ಮಗು ಒಂದೇ ಬಂದರೆ ನೋಡುವುದಿಲ್ಲವಂತೆ. ಒಂದೇ ಒಲೆಯ ಅಡುಗೆ ಉಣ್ಣುವವರು ಎಷ್ಟು ಜನವೋ ಅಷ್ಟೂ ಜನ ಬರಬೇಕಂತೆ. ಕೆಲಸ ಬಿಟ್ಟು ಬರಲಾಗದವರಿಗೆಂದೇ ಭಾನುವಾರವೂ ತೆಗೆದಿರುತ್ತದಂತೆ.

"ಅಪ್ಪನೂ ಬರ್ಬೇಕಾ?" ಬಾಲರಾಜು ಫೋನಿನಲ್ಲಿ ಕೇಳಿದ. "ಅಪ್ಪನಿಗೆ ಕಿವಿ ಕೇಳ್ಸಲ್ಲ ಸಾರ್."

ಬರಬೇಕು ಅಂದರು.

ಭಾನುವಾರ ಹೋಗಿ ನೋಡಿದರೆ ಜಾಗವೇ ಬದಲಾಗಿತ್ತು. ಹೊರಗೆ ಬೆಂಚಿಲ್ಲ. ಬಾಗಿಲ ಮುಂದಿನ ಸ್ಟೂಲಿಲ್ಲ. ಒಳಗೆ ಮೇಜು ಕುರ್ಚಿ ತೆಗೆದು ಜಮಖಾನ ಹಾಸಿದ್ದರು. ಮೂಡಲಗಿರಿಯಪ್ಪ ಚಾ ಲೋಟ ಜೋಡಿಸುತ್ತ ಗೊಣಗುತ್ತಿದ್ದ.

"ಏನಪ್ಪಾ, ಬಾಗಿಲು ಕಾಯೋದು ಬಿಟ್ಯಾ?" ಪಾಲಮ್ಮ ಕೇಳಿದಳು.

"ಟ್ರಸ್ಟಿನೋರು ಎಲ್ಲಾ ಉಲ್ಟಾ ಮಾಡವ್ರೆ. ಮೊದಲು ಕೂಸು ಒಳಗೆ, ನೀವು ಹೊರಗೆ. ಈಗ ಎಲ್ರೂ ಒಳಗೆ. ಜಮಖಾನ ಒದರೋನು ನಾನು, ಭಾನುವಾರ ಬರೋನು ನಾನು. ನನ್ ಮನೆಯೋರೂ ಬರ್ತೀವಿ ಅಂತ ಕೂತವ್ರೆ, ಇಲ್ಲಿ ಬಂದ್ರೇನೇ ನಾನು ಸಿಗೋದು ಅಂತ."

ಚಂದ್ರಶೇಖರ್ ಜಮಖಾನದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. "ಇಲ್ಲಿ ಮಾತಾಡ್ಸಿ ಕಳಿಸ್ತಿದ್ವಿ, ಮನೆಗೆ ಹೋದ್ರೆ ಮತ್ತೆ ಮೊದಲಿನಂಗೇ ಆಗ್ತಿತ್ತು. ಮಗು ಇರೋದು ನಿಮ್ಮ ನಡುವೆ. ಅದಕ್ಕೇ ಹೀಗೆ ಬದಲಾಯಿಸಿದೀವಿ" ಅಂದರು. "ಮೊದಲು ಒಂದು ಮಾತು. ಮನೇಲಿ ಯಾರು ಯಾರನ್ನ ಏನಂತ ಕರೀತೀರಿ? ಒಬ್ಬೊಬ್ಬರಾಗಿ ಹೇಳಿ."

"ಇದೇನು ಕೇಳೋದು?" ಅಂದಳು ಪಾಲಮ್ಮ. "ನಾನು ಇವನ್ನ ಬಾಲ ಅಂತೀನಿ. ಇವ್ಳನ್ನ ಗೀತಾ ಅಂತಿದ್ದೆ. ಈಗೇನೂ ಅನ್ನಲ್ಲ."

"ನಾನು ಇವ್ರನ್ನ ಅವ್ವ ಅಂತೀನಿ" ಅಂದ ಬಾಲರಾಜು, ತಾಯಿಯ ಕಡೆ ತೋರಿಸಿ.

"ಅದು ಅವತ್ತೇ ಕೇಳಿಸ್ಕೊಂಡಿದ್ದೆ" ಅಂದು ಚಂದ್ರಶೇಖರ್ ಹುಡುಗಿಯ ಕಡೆ ತಿರುಗಿದರು. "ನೀನು ಇವರನ್ನ ಏನಂತೀಯಾ?" ಅಂತ ಗೀತಮ್ಮನನ್ನು ತೋರಿಸಿದರು.

ಮಾಲಾ ಗೀತಮ್ಮನನ್ನು ನೋಡಿದಳು. ಎಷ್ಟೋ ದಿನದ ಮೇಲೆ ತಾಯಿಯ ಮುಖಕ್ಕೆ ಮುಖ ಕೊಟ್ಟು ನೋಡಿದಳು. "ಅಮ್ಮ" ಅಂದಳು.

"ಅವ್ವ ಅನ್ನಲ್ವಾ?"

"ಅವ್ವ ಅಂದ್ರೆ ನಮ್ ಕಡೆ ತೆಲುಗ್ನಾಗೆ ಅಜ್ಜಿ ಸಾರ್" ಅಂದಳು ಗೀತಮ್ಮ. "ನನ್ ತಾಯಿನ ಇವ್ಳು ಅವ್ವ ಅಂತಿದ್ಲು. ಅವರು ಹೋದ್ರು."

ಚಂದ್ರಶೇಖರರ ಕೈ ಗಲ್ಲದ ಮೇಲೆ ಹಾಗೇ ನಿಂತಿತು. "ಅವತ್ತು ಮಗು ಅವ್ವ ಅಂದಿತ್ತು" ಅಂದರು ಅವರು. "ಅವ್ವ ಬಂದು ಬಾಯಿ ಮುಚ್ತಾಳೆ ಅಂತ. ನಾನು ಹೊರಗೆ ಬಂದು ತಾಯಿ ಅಂತ ಹೇಳಿದೆ. ನಿಮ್ಮನೇಲಿ ತಾಯಿಗೆ ಹಾಗನ್ನೋದು ಕೇಳಿದ್ದೆ, ನಮ್ಮ ಕಡೆಯೂ ಹಾಗೇ. ತಪ್ಪು ನಂದು."

ಬಾಲರಾಜು ಜಮಖಾನದ ನೂಲು ಕೀಳುತ್ತ ಕೂತ. ಗೀತಮ್ಮ ಯಾರನ್ನೂ ನೋಡಲಿಲ್ಲ. ಎರಡೂ ಕೈ ಚಾಚಿದಳು. ಮಾಲಾ ಅಜ್ಜಿಯ ಮಗ್ಗುಲಿಂದ ಎದ್ದು ಹೋಗಿ ಆ ಕೈಗಳ ನಡುವೆ ಕೂತುಕೊಂಡಳು. ಅಲ್ಲಿ ಕೂತ ಮೇಲೆ ಯಾರೂ ಕೇಳದೆಯೇ ಹೇಳತೊಡಗಿದಳು, ಅರ್ಧ ತೆಲುಗು, ಅರ್ಧ ಕನ್ನಡ. ಅವ್ವನ ಜೊತೆ ತಾನೇ ಮಲಗುತ್ತಿದ್ದುದು. ಕೊನೆಯ ರಾತ್ರಿ ಅವ್ವ ಎಚ್ಚರವಾಗಿ, ಕಿವಿಗೊಟ್ಟು, ತನ್ನ ಬಾಯಿ ಒತ್ತಿ ಹಿಡಿದು, "ಪಲಕಾಕು, ಪಲಕಾಕು" ಅಂದದ್ದು.

"ಓಗೊಡಬೇಡ ಅಂತ" ಅಂದಳು ಗೀತಮ್ಮ, ಚಂದ್ರಶೇಖರರಿಗೆ.

"ಯಾರಿಗೆ ಓಗೊಡಬಾರ್ದಿತ್ತು?" ಪಾಲಮ್ಮ ಕೇಳಿದಳು.

"ತಾತನಿಗೆ. ತಾತ ಕರೀತೌನೆ ಅಂದ್ಲು ಅವ್ವ."

ಆ ತಾತ, ಓಬಮ್ಮನ ಗಂಡ, ಸತ್ತಾಗ ಗೀತಮ್ಮನಿಗೇ ಮದುವೆಯಾಗಿರಲಿಲ್ಲ.

"ಅವ್ವನ್ನ ಕರೀತಿದ್ನಾ?"

"ಮೊದಲು ನನ್ನ ಕರೆದ" ಅಂದಳು ಮಾಲಾ. "ಆಮೇಲೆ ಅವ್ವ 'ಆ, ವಸ್ತಾಂಡಾ' ಅಂದ್ಲು. ನಾನು ಬರ್ತೀನಿ ಅಂತ. ಆಮೇಲೆ ಕರೀಲಿಲ್ಲ."

"ಬೆಳಗ್ಗೆ ಆ ಕೈ ನಾನೇ ತೆಗ್ದಿದ್ದು" ಅಂದಳು ಗೀತಮ್ಮ ನಿಧಾನಕ್ಕೆ. "ಕೂಸಿನ ಬಾಯಿ ಮೇಲಿತ್ತು. ಸೆಟೆದ್ಕಂಡಿತ್ತು. ನಿದ್ದೆಗಣ್ಣಾಗೆ ಇಟ್ಟಿರ್ತಾಳೆ ಅಂದ್ಕಂಡೆ. ಯಾರೂ ನನ್ನ ಏನೂ ಕೇಳ್ಲಿಲ್ಲ. ನಾನು ಬೆಂಚಿನ ಮೇಲೆ ಕೂತಿದ್ದೆ."

ದಾಸಣ್ಣ ಒಬ್ಬೊಬ್ಬರ ತುಟಿಯನ್ನೇ ನೋಡುತ್ತ ಕೂತಿದ್ದವನು, ಚಾ ಲೋಟ ಕೆಳಗಿಟ್ಟು ಮೊಮ್ಮಗಳ ತಲೆ ಸವರಿದ.

ಹೊರಡುವಾಗ ಚಂದ್ರಶೇಖರ್ ಹೇಳಿದ್ದು ಇಷ್ಟೇ: ತಾಯಿಯ ಮಗ್ಗುಲಲ್ಲೇ ಮಲಗಲಿ. ಸ್ವಲ್ಪ ದಿನ ಅವಳನ್ನು ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಮುಟ್ಟಿ ಮಾತಾಡಿಸಿ. ಅವಳೊಬ್ಬಳನ್ನೇ ಹಾಗೆ ಮಾಡಿದರೆ ಅವಳಿಗೆ ಗೊತ್ತಾಗುತ್ತೆ. ಮನೆಯಲ್ಲಿ ಯಾರೂ ಯಾರನ್ನೂ ಕೂಗಬೇಡಿ. ಎಲ್ಲರೂ ಒಂದೇ ರೀತಿ ನಡೆದುಕೊಳ್ಳಿ. ಬರುವ ಭಾನುವಾರ ಮತ್ತೆ ಬನ್ನಿ, ಎಲ್ಲರೂ.

"ಔಷಧಿ ಇಲ್ವಾ?" ಅಂದಳು ಪಾಲಮ್ಮ.

"ಸದ್ಯಕ್ಕೆ ನೀವೇ ಔಷಧಿ."

"ಈ ವಯಸ್ನಾಗೆ ನನ್ನ ಅರೆದು ಕುಡಿಸ್ತೀಯೇನಪ್ಪಾ" ಅಂದಳು.

ಗೀತಮ್ಮ ಅತ್ತೆಯೊಡನೆ ಮಾತು ಬಿಟ್ಟಳು. ಕೆಲಸ ಬಿಡಲಿಲ್ಲ. ನೀರು ತುಂಬುವಳು, ಹುರುಳಿ ಸಾರು ಕಾಯಿಸುವಳು, ಅತ್ತೆಯ ತಟ್ಟೆಗೆ ಮುದ್ದೆ ಇಟ್ಟು ಮುಂದಕ್ಕೆ ಹೋಗುವಳು. ಗಂಡನಿಗೆ ಒಂದು ದಿನ ಹೇಳಿದಳು: "ಯುಗಾದಿ ಮುಗೀಲಿ. ನಾನು ಮಗಳನ್ನ ಕರ್ಕಂಡು ಅಣ್ಣನ ಮನೆಗೆ ಹೋಗ್ತೀನಿ. ನೀನು ಬರಾದಾದ್ರೆ ಬಾ."

"ಗೊತ್ತಿಲ್ದೆ ಆಗಿದ್ದಲ್ವೇನೇ?"

"ಕೇಳ್ದೆ ಆಗಿದ್ದು."

ಪಾಲಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಎಲ್ಲವೂ ಕೇಳಿಸಿತು. ಯುಗಾದಿ ಮುಂದಿನ ಅಮಾವಾಸ್ಯೆಯ ಮಾರನೆಯ ದಿನವೇ ಇತ್ತು. ಅಷ್ಟರೊಳಗೆ ಒಂದೇ ಒಂದು ಸಲ ಆ ಹುಡುಗಿ ತನಗೆ ಓ ಅಂದರೆ ಸಾಕು ಅನಿಸಿತು. ಅಂದರೂ ಹೋಗುವವರು ಹೋಗುತ್ತಾರೆ. ಆದರೂ ಓ ಅಂದು ಹೋಗಲಿ.

ಹೀಗೆ ಅದು ಯಾರೂ ಯಾರನ್ನೂ ಕೂಗದ ಮನೆಯಾಯಿತು. ಕೂಗುವುದು ಎಷ್ಟಿತ್ತೆಂದು ಬಿಟ್ಟ ಮೇಲೆ ಗೊತ್ತಾಯಿತು. ಉಪ್ಪು ಬೇಕಾದರೆ ಎದ್ದು ಹೋಗಬೇಕು, ಸ್ನಾನಕ್ಕೆ ನೀರು ಕಾದರೆ ಹೋಗಿ ಭುಜ ಮುಟ್ಟಬೇಕು. ಬಾಲರಾಜು ಮೂರು ದಿನ ಬೈದುಕೊಂಡು ಓಡಾಡಿದ. ದಾಸಣ್ಣನಿಗೆ ಮಾತ್ರ ಖುಷಿ. "ಈಗ ಎಲ್ರೂ ನನ್ ದಾರಿಗೆ ಬಂದ್ರಿ" ಅಂದ.

ಬೀದಿಯವರೂ ಕೂಗುವುದು ನಿಲ್ಲಿಸಿದರು. ಯಾರು ಹೇಳಿದ್ದರೋ. ಬಂದವರು ಹೊಸ್ತಿಲ ಹತ್ತಿರ ಬಂದು ನಿಲ್ಲುವರು, ತಿರುಗಿ ನೋಡುವತನಕ ಸುಮ್ಮನಿರುವರು. ಹಾಗೆ ನಿಂತವರನ್ನು ಕಂಡು ಪಾಲಮ್ಮ ಎಷ್ಟೋ ಸಲ ಬೆಚ್ಚಿದಳು. ಆ ಸದ್ದಿಲ್ಲದ ಮನೆಯಲ್ಲಿ ಮಗ್ಗ ನಿಂತ ಗಳಿಗೆಯಲ್ಲೆಲ್ಲ ಅವಳಿಗೆ ಏನೋ ಕೇಳಿದಂತಾಗುವುದು. ಗೋಡೆಯಾಚೆ ಯಾರೋ ಬಾಯಿ ತೆರೆದು, ಇನ್ನೂ ಹೆಸರು ಹೇಳದೆ ನಿಂತಂತೆ. ಮಾಲಾಳ ಕೈ ಮೆಲ್ಲಗೆ ಬಾಯಿಂದ ಇಳಿಯುತ್ತ ಬಂತು. ಇಳಿದಷ್ಟೂ ಪಾಲಮ್ಮನ ಕಿವಿ ಬೀದಿಯ ಕಡೆಗೇ ಆಯಿತು.

ಅಮಾವಾಸ್ಯೆಗೆ ಎರಡು ದಿನ ಇರುವಾಗ, ನಡುಹಗಲಲ್ಲಿ, ಐದೂ ಜನ ಒಟ್ಟಿಗೆ ಉಣ್ಣಲು ಕೂತಿದ್ದರು. ಹಾಗೆ ಒಟ್ಟಿಗೆ ಕೂರುವುದನ್ನೂ ಕೇಂದ್ರದವರೇ ಹೇಳಿದ್ದು. ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ. ಮಾಲಾ ತಾಯಿಗೂ ಅಜ್ಜಿಗೂ ನಡುವೆ ಕೂತಿದ್ದಳು.

"ಮಾಲಾ."

ಬೀದಿ ಕಡೆಯಿಂದ ಬಂತು. ಕೂಗಲ್ಲ, ಪಕ್ಕದವರನ್ನು ಕರೆವ ಹಾಗೆ, ಮೆತ್ತಗೆ. ಗಂಡಸಿನದೋ ಹೆಂಗಸಿನದೋ ಹೇಳಲಾಗದ ದನಿ. ಬಾಲರಾಜುವಿನ ತುತ್ತು ಬಾಯ ಹತ್ತಿರವೇ ನಿಂತಿತು. ಗೀತಮ್ಮನ ಕೈ ಮಗಳ ಬೆನ್ನಿಗೆ ಹೋಯಿತು. ಪಾಲಮ್ಮ ತನಗೊಬ್ಬಳಿಗೇ ಕೇಳಿತೇನೋ ಅಂದುಕೊಳ್ಳುವಷ್ಟರಲ್ಲಿ ದಾಸಣ್ಣ ತಟ್ಟೆಯಿಂದ ತಲೆಯೆತ್ತಿದ. ಬಾಗಿಲ ಕಡೆ ತಿರುಗಿದ.

"ಯಾರೋ ಕರೆದ್ರಲ್ಲ?" ಅಂದ.

ಬೀದಿಯ ಮಗ್ಗಗಳೆಲ್ಲ ಊಟದ ಹೊತ್ತಿಗೆ ನಿಂತಿದ್ದವು. ಮಾಲಾಳ ಎರಡೂ ಕೈ ಎಣ್ಣೆ ಹತ್ತಿದ ಬೆರಳಿನ ಸಮೇತ ಬಾಯಿಗೆ ಹೋಗಿದ್ದವು. ಕಣ್ಣಲ್ಲಿ ನೀರು ತುಂಬಿತ್ತು.

"ಮಾಲಾ."

"ಓ" ಅಂದಳು ಪಾಲಮ್ಮ.

ಅಂದ ಮೇಲೆಯೇ ತಾನು ಅಂದೆನೆಂದು ಗೊತ್ತಾಯಿತು. ಎದ್ದಳು. ಮಂಡಿ ಹಿಡಿದಿತ್ತು, ಗೋಡೆ ಹಿಡಿದುಕೊಂಡಳು. "ಓ, ಬಂದೆ. ಬಂದೆ ತಡಿ."

"ಅತ್ತೆ" ಅಂದಳು ಗೀತಮ್ಮ. "ಅತ್ತೆ, ಹೋಗಬ್ಯಾಡ್ರಿ."

"ಯಾರೋ ಬಂದವ್ರೆ, ನೋಡಬ್ಯಾಡ್ವಾ?"

ಹೊಸ್ತಿಲು ದಾಟಿ ಹೊರಗೆ ನಿಂತಳು. ಬಿಸಿಲಿಗೆ ಬೀದಿ ಬೆಳ್ಳಗಿತ್ತು. ಎದುರುಮನೆಯ ಬಾಗಿಲು ಹಾಕಿತ್ತು. ನೇಯ್ಗೆಗೆ ಎಳೆದು ಕಟ್ಟಿದ್ದ ಹಸಿರು ಹಾಸು ನೂಲು ಬೀದಿಯುದ್ದ ಗಾಳಿಯಿಲ್ಲದೆ ನಡುಗುತ್ತಿತ್ತು, ಯಾರೋ ಈಗಷ್ಟೇ ಅದರಡಿಯಲ್ಲಿ ನುಸುಳಿ ಹೋದ ಹಾಗೆ.

"ಮಾಲಾ ಉಣ್ತಾ ಐದಾಳೆ" ಅಂದಳು ಪಾಲಮ್ಮ ಬೀದಿಗೆ. "ಅವ್ಳು ಬರಲ್ಲ. ಏನ್ ಬೇಕಾಗಿತ್ತು? ನನಗೇ ಹೇಳು, ನಾನು ಈ ಮನೆ ಹಿರೇಳು."

ನೂಲು ನಿಧಾನಕ್ಕೆ ನಿಂತಿತು. ಸ್ವಲ್ಪ ಹೊತ್ತು ಕಾದಳು. ಕಾಲು ಸುಡತೊಡಗಿತು. ಒಳಗೆ ಬಂದು, ಕೂತು, ರೊಟ್ಟಿ ಮುರಿದಳು.

"ಯಾರವ್ವ?" ಬಾಲರಾಜು ಕೇಳಿದ.

"ಯಾರೂ ಇಲ್ಲ. ಎಣ್ಣೆಗಾಯಿ ಹಾಕು."

ಹಾಕಿದವಳು ಗೀತಮ್ಮ. ಅರ್ಧ ತಟ್ಟೆಯ ಹೊರಗೆ ಬಿತ್ತು. "ಅಷ್ಟು ಧೈರ್ಯ ಯಾಕ್ ಮಾಡಿದ್ರಿ?" ಅಂದಳು ಸಿಟ್ಟಿನಿಂದ.

"ಕರೆದ್ರೆ ಯಾರಾನ ಓ ಅನ್ಬೇಕಲ್ಲ. ಎಷ್ಟು ದಿನ ಅಂತ ಕೂಸಿನ ಬಾಯಿ ಮುಚ್ಚೋದು?"

ಅಂದು ಸಂಜೆಯೆಲ್ಲ ಮಾಲಾ ಅಜ್ಜಿಯ ಹಿಂದೆಯೇ ಸುತ್ತಿದಳು. ಅಜ್ಜಿ ಕೂತರೆ ಕೂತಳು, ಎದ್ದರೆ ಎದ್ದಳು. ಮಲಗುವಾಗ ತಾಯಿಯ ಹತ್ತಿರ ಹೋಗಲಿಲ್ಲ. ಗೀತಮ್ಮನೇ ತನ್ನ ಚಾಪೆ ಎಳೆದುಕೊಂಡು ಬಂದು ಅತ್ತೆಯ ಮಗ್ಗುಲಿಗೆ ಹಾಸಿದಳು.

ಬೆಳಗಿನ ಬೆಳಕು ಗವಾಕ್ಷಿಯಿಂದ ಬೀಳುವಾಗ ಪಾಲಮ್ಮನಿಗೆ ಮೂಗಿನ ಕೆಳಗೆ ಏನೋ ತಾಗಿದಂತಾಗಿ ಎಚ್ಚರವಾಯಿತು. ಕಣ್ಣು ತೆರೆಯಲಿಲ್ಲ. ಸಣ್ಣ ಅಂಗೈ, ಉಸಿರು ಬರುತ್ತದೋ ಇಲ್ಲವೋ ನೋಡುತ್ತಿತ್ತು. ಹುಡುಗಿ ಕುಕ್ಕರಗಾಲಲ್ಲಿ ಕೂತು ಎಷ್ಟು ಹೊತ್ತಾಗಿತ್ತೋ. ಪಾಲಮ್ಮ ಅದರ ಮೇಲೆ ಜೋರಾಗಿಯೇ ಉಸಿರು ಬಿಟ್ಟಳು.

ಕೈ ಸರಕ್ಕನೆ ಹೋಯಿತು. ಹೆಜ್ಜೆ ಹಿತ್ತಲ ಕಡೆ ಓಡಿತು. ಅಲ್ಲಿ ನೀರು ಕಾಯಿಸುತ್ತಿದ್ದ ತಾಯಿಗೆ ಹುಡುಗಿ ಹೇಳುವುದು ಕೇಳಿಸಿತು: "ಅಮ್ಮಾ, ಅಜ್ಜಿ ಹೋಗಿಲ್ಲ. ಓ ಅಂದ್ರೂ ಹೋಗಿಲ್ಲ."

"ಹೋಗಲ್ಲ ಕಣೇ. ಮೊಂಡಿ ಅವ್ರು" ಅಂದಳು ಗೀತಮ್ಮ.

ಪಾಲಮ್ಮ ಎದ್ದು ಕೂತಳು. ಕೂದಲು ಕಟ್ಟಿಕೊಂಡಳು. ಕೇಂದ್ರದವರು ಕೂಗಬೇಡಿ ಅಂದಿದ್ದರು, ಭಾನುವಾರ ಹೋದಾಗ ಬೈದರೆ ಬೈಸಿಕೊಂಡರಾಯಿತು. ಬಾಗಿಲ ಕಡೆ ಒಮ್ಮೆ ನೋಡಿ, ಹಿತ್ತಲ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡಳು.

"ಮಾಲಾ" ಅಂದಳು.

ಹಿತ್ತಲಲ್ಲಿ ಚೊಂಬಿನ ಸದ್ದು ನಿಂತಿತು.

"ಯಾರು?" ಅಂತ ಕೇಳಿತು ಹುಡುಗಿ.

"ನಾನು ಕಣೇ. ನಿನ್ನಜ್ಜಿ."

"ಓ" ಅಂದಳು ಮಾಲಾ.